ಒಂದು ಜಂಪಿಗೆ ಎಷ್ಟು ಪವರ್

ಕಾಂತರಾಜನಿಗೆ ಕಂಟಕವಾದದ್ದು ‘ಜಂಪ್’ ಎಂಬ ಒಂದು ಪದ.

ಪಿರಿಯಾಪಟ್ಟಣದ ಕಾಲೇಜಿನಲ್ಲಿ ಆರು ವರ್ಷ ಫಿಸಿಕ್ಸ್ ಹೇಳಿದ ಈ ಅತಿಥಿ ಉಪನ್ಯಾಸಕನಿಗೆ ಈ ಸಲ ಪಾಠ ಸಿಕ್ಕಿರಲಿಲ್ಲ. ಅತಿಥಿಯನ್ನು ಯಾರಾದರೂ ಎಷ್ಟು ವರ್ಷ ಇಟ್ಟುಕೊಳ್ಳುತ್ತಾರೆ? ಉಳಿದದ್ದು ಮೊಬೈಲ್ ಗೇಮ್ ಮಾಡುವ ಒಂದು ಕಂಪನಿಯ ಕೆಲಸದ ಆಸೆ. ಆಟದಲ್ಲಿ ಹಡಗುಗಳು ಬೆಳಕಿಗಿಂತ ವೇಗವಾಗಿ ನಕ್ಷತ್ರದಿಂದ ನಕ್ಷತ್ರಕ್ಕೆ ಜಿಗಿಯುತ್ತವೆ. ಆ ಜಿಗಿತಕ್ಕೆ ಜಂಪ್ ಎಂದು ಹೆಸರು. ಅದಕ್ಕೆ ಬೇಕಾದ ಶಕ್ತಿಯ ನಿಯಮ ಬರೆಯುವವರು ಬೇಕಿತ್ತು. ಸಂಜೆ ನಾಲ್ಕಕ್ಕೆ ವಿಡಿಯೋದಲ್ಲಿ ಸಂದರ್ಶನ.

ಬೆಳಿಗ್ಗೆಯೇ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಉರು ಹೊಡೆಯುತ್ತಿದ್ದ. ಪಕ್ಕದ ಮನೆಯ ಮುದುಕ ನಂಜಯ್ಯ ಗುದ್ದಲಿ ಇಳಿಸಿ ನಿಂತ.

“ಜಂಪಿಗೆ ಎಷ್ಟು ಪವರ್ ಬೇಕು ಅಂದ್ರಿ ಮೇಷ್ಟ್ರೇ?”

“ಸೂರ್ಯ ಒಂದು ವರ್ಷ ಉರಿದಷ್ಟು.”

“ಅದ್ಕೇ ಸುಟ್ಟೋಗಿರೋದು ಬುಡಿ.”

ಊರಲ್ಲಿ ಜಂಪ್ ಅಂದರೆ ಕರೆಂಟ್ ಲೈನಿನಿಂದ ಟ್ರಾನ್ಸ್‌ಫಾರ್ಮರಿಗೆ ಇಳಿಯುವ ತಂತಿಯ ತುಂಡು. ಅದು ಸುಟ್ಟು ಮೂರು ದಿನ. ಮೋಟಾರುಗಳು ನಿಂತು ಹೊಲದಲ್ಲಿ ಶುಂಠಿ ಬಾಡುತ್ತಿತ್ತು. ಕಾಂತರಾಜ್ ಬಾಯಿ ಬಿಡುವಷ್ಟರಲ್ಲಿ ಅವನ ರಟ್ಟೆ ನಂಜಯ್ಯನ ಕೈಯಲ್ಲಿತ್ತು.

ಟ್ರಾನ್ಸ್‌ಫಾರ್ಮರಿನ ಬಳಿ ಲೈನ್‌ಮ್ಯಾನ್ ಸುರೇಶ್ ಕಂಬ ಹತ್ತಲು ಆಗಷ್ಟೇ ಸೊಂಟಕ್ಕೆ ಹಗ್ಗ ಕಟ್ಟುತ್ತಿದ್ದ.

“ತಡಿ ಸುರೇಸ, ನಮ್ ಮೇಷ್ಟ್ರು ಲೆಕ್ಕ ಹಾಕವ್ರೆ. ಸೂರ್ಯನೇ ಬೇಕಂತೆ,” ಎಂದ ನಂಜಯ್ಯ.

ಸುರೇಶ್ ಹಗ್ಗ ಬಿಚ್ಚಿದ. “ಅಂಗಾದ್ರೆ ಸೂರ್ಯನ್ನೇ ಕರ್ಸಿ ಕಟ್ಟುಸ್ಕಳಿ. ನಾನು ಬರೀ ಎಸ್ಸೆಲ್ಸಿ.”

ಬೈಕ್ ಹೊರಟೇ ಹೋಯಿತು. ಊರಿನ ಕಣ್ಣೆಲ್ಲ ಕಾಂತರಾಜನತ್ತ ತಿರುಗಿತು.

“ಮೂರ್ ದಿನುಕ್ಕೆ ಬಂದಿದ್ದೋನ್ನ ಓಡುಸ್ಬುಟ್ಯಲ್ಲಪ್ಪ,” ಎಂದಳು ಶುಂಠಿ ಹಾಕಿದ್ದ ಕುಳ್ಳಮ್ಮ. “ಓದ್ದೋರು ಸುಮ್ಕಿದ್ರೂ ಒಂದ್ ಉಪ್ಕಾರ.”

ಕಾಂತರಾಜ್ ಸುರೇಶನನ್ನು ಹುಡುಕಿಕೊಂಡು ಮೂರು ಊರು ಅಲೆದ. ಕೈ ಮುಗಿದ. ಬಿರಿಯಾನಿ ಕೊಡಿಸಿದ. ಜಂಪ್ ಕೂತು ಮೋಟಾರು ಗುರ್ರೆಂದಾಗ ನಾಲ್ಕಕ್ಕೆ ಐದೇ ನಿಮಿಷ. ಓಡಿ ಬಂದು ಫೋನಿನೆದುರು ಕೂತರೆ ಪರದೆಯಲ್ಲಿ ಅವನ ಮುಖ ಆಗತಾನೆ ಕಿತ್ತ ಶುಂಠಿಯಂತಿತ್ತು.

ಆಚೆ ಕಂಪನಿಯ ಸೌಂದರ್ಯ ಕೇಳಿದಳು, “ಹತ್ತು ಹಡಗಿದೆ ಸರ್. ಪವರ್ ಇರೋದು ಮೂರಕ್ಕೆ. ಹತ್ತೂ ಜಂಪ್ ಮಾಡಬೇಕು. ಆಟ ಹೇಗೆ ನಡೀಬೇಕು?”

“ಸಾಧ್ಯವಿಲ್ಲ ಮೇಡಂ. ಹದಿನಾಲ್ಕು ಪುಟದಲ್ಲಿ ಲೆಕ್ಕ ಮಾಡಿ ತೋರ್ಸಿದ್ದೀನಿ.”

ಶುಂಠಿಗೆ ನೀರು ಬಿದ್ದ ಸುದ್ದಿ ಹೇಳಲು ಬಂದಿದ್ದ ನಂಜಯ್ಯ ಹೆಗಲ ಮೇಲಿಂದ ಬಗ್ಗಿದ. “ಯಾಕಾಗಕ್ಕಿಲ್ಲ ಕಣವ್ವ? ಮೂರ್ ಮೂರಂಗೆ ಸರ್ದಿ ಮಾಡ್ಕಳದು. ನಮ್ ಮೋಟ್ರು ನಡಿಯೋದೇ ಅಂಗೆ. ಯಾವನಾದ್ರೂ ಕದ್ದು ನಾಕ್ನೇದು ಆನ್ ಮಾಡ್ತಾನೆ. ಎಲ್ರುದೂ ಸುಟ್ಟೋಯ್ತದೆ. ಆಮೇಲೆ ಜಗ್ಳ.”

“ಯಾರು ಆನ್ ಮಾಡಿದ್ದು ಅಂತ ಹೇಗೆ ಗೊತ್ತಾಗುತ್ತೆ?”

“ಯಾವನು ಜಾಸ್ತಿ ಬೈತಾನೋ ಅವ್ನೇ.”

ಸೌಂದರ್ಯ ಬರೆದುಕೊಂಡಳು. “ಥ್ಯಾಂಕ್ಸ್ ಕಾಂತರಾಜ್ ಸರ್, ನಿಮ್ಮ ಸಂದರ್ಶನ ಮುಗೀತು. ಫೋನ್ ಸ್ವಲ್ಪ ಅಜ್ಜನಿಗೆ ಕೊಡಿ.”

ಅರ್ಧ ಗಂಟೆ ಮಾತು ನಡೆಯಿತು. ಅಷ್ಟು ಹೊತ್ತೂ ನಂಜಯ್ಯನ ಮುಖಕ್ಕೆ ಸರಿಯಾಗಿ ಫೋನ್ ಹಿಡಿದು ನಿಂತವನು ಕಾಂತರಾಜ್.

“ನಂಗೇ ಕೆಲ್ಸ ಕೊಟ್ರು ಮೇಷ್ಟ್ರೇ,” ಎಂದ ನಂಜಯ್ಯ ಗುದ್ದಲಿ ಎತ್ತಿಕೊಳ್ಳುತ್ತಾ. “ದಿನಾ ನಾಕ್ ಗಂಟೆಗೆ ಮಾತಾಡ್ಬೇಕಂತೆ. ನಮ್ ಫೋನು ಬಟನ್ ಸೆಟ್ಟು. ನಿಮ್ಮುದ್ನ ಚಾರ್ಜ್ ಮಾಡಿಟ್ಟಿರಿ.”