ಕಣ್ಣು ಮಿಟುಕಿಸದ ಡ್ರಾಯಿಂಗ್ ಮೇಷ್ಟ್ರು

ನರದ ಡಾಕ್ಟ್ರು ಅಂದ್ಮೇಲೆ ಇಂಥವು ನಡೀತಾನೇ ಇರ್ತವೆ ಕಣ್ರೀ. ಕೈ ನಡುಗೋರು, ಕತ್ತು ತಿರುಚ್ಕೊಳ್ಳೋರು, ನಿಂತಲ್ಲೇ ಕಲ್ಲಾಗೋರು, ಎಲ್ರೂ ಮೊದಲು ಮಂತ್ರವಾದಿ ಹತ್ರ ಬೇವಿನಸೊಪ್ಪಲ್ಲಿ ಹೊಡೆಸ್ಕೊಂಡು, ಆಮೇಲೆ ಕೃಷ್ಣಮೂರ್ತಿಪುರಂನ ನನ್ನ ಶಾಪಿಗೆ, ಅಂದ್ರೆ ಕ್ಲಿನಿಕ್ಕಿಗೆ, ಬರೋರು. ಅರವತ್ತರ ದಶಕದ ಒಂದೇ ಮನೆ ಕತೆ ಹೇಳ್ತೀನಿ. ಒಗ್ಗರಣೆ ಸ್ವಲ್ಪ ಜಾಸ್ತಿ ಇರುತ್ತೆ, ಸೈರಿಸ್ಕೊಳ್ಳಿ.

೧. ಹೆಣ್ಣು ನೋಡೋ ಶಾಸ್ತ್ರ

ಚಾಮರಾಜಪುರಂನಲ್ಲಿ ರಿಟೈರಾದ ಡ್ರಾಯಿಂಗ್ ಮೇಷ್ಟ್ರು. ನಡುಕದ ಕಾಯಿಲೆ. ಅದರಲ್ಲಿ ಮುಖ ಬಿಗಿದು ಮುಖವಾಡದಂಗಾಗುತ್ತೆ, ರೆಪ್ಪೆ ಬಡಿಯೋದೇ ಅಪರೂಪ. ಆಗಿನ್ನೂ ಒಳ್ಳೆ ಮಾತ್ರೆ ಬಂದಿರ್ಲಿಲ್ಲ. ಅವರ ಮಗಳನ್ನ ನೋಡೋಕೆ ಗಂಡಿನ ಕಡೆಯೋರು ಬಂದಾಗ ನಾನೂ ಅಲ್ಲೇ ಇದ್ದೆ. ಮೇಷ್ಟ್ರು ಮಬ್ಬು ಮೂಲೇಲಿ, ಹಿರೀಕರ ಫೋಟೋಗಳ ಕೆಳಗೆ ಕೂತಿದ್ರು. ಗಂಡಿನ ಅಜ್ಜಿ ನೇರ ಹೋಗಿ, ಅವರ ಪಾದದ ಮೇಲೆ ಒಂದು ಹೂವಿಟ್ಟು ಕೈ ಮುಗಿದು, "ಪಾಪ, ಯಾವಾಗ ಹೋದ್ರು ಇವ್ರು?" ಅಂದ್ರು.

ಎಷ್ಟೋ ಹೊತ್ತಾದ್ಮೇಲೆ, ಬಾವಿಯೊಳಗಿಂದ ಬಂದಂಗೆ ದನಿ ಬಂತು.

"ಇನ್ನೂ ಇಲ್ಲ ಕಣಮ್ಮ."

೨. ಗೆರೆ

ಅಜ್ಜಿಗೆ ನೀರು ಚಿಮುಕಿಸಿ ಎಬ್ಬಿಸಿದ್ಮೇಲೆ ಗಂಡಿನ ತಾಯಿ ಖಡಾಖಂಡಿತ ಹೇಳಿಬುಟ್ರು. "ಗಾಳಿ ಮೆಟ್ಟಿರೋ ಮನೆ ಹೆಣ್ಣು ನಮಗೆ ಬೇಡ. ಹುಡುಗ ಒಪ್ಪಿದಾನೆ ಅಂತ ಒಂದು ಮಾತು. ಮೇಷ್ಟ್ರು ತಾವೇ ನಡ್ಕೊಂಡು ಮಂಟಪಕ್ಕೆ ಬಂದು ಧಾರೆ ಎರೆದ್ರೆ ಸರಿ. ಎತ್ಕೊಂಡು ಬಂದ್ರೆ ನಾವು ಎದ್ದು ಹೋಗ್ತೀವಿ."

ಮೇಷ್ಟ್ರ ಪಾದ ಎರಡು ಹೆಜ್ಜೆಗೇ ನೆಲಕ್ಕೆ ಅಂಟ್ಕೊಂಡ್ಬಿಡೋದು. ಆದ್ರೆ ಒಂದಿನ ಬಾಗಿಲಾಚೆ ರಂಗೋಲಿ ಕಂಡಿದ್ದೇ ಗೆರೆ ದಾಟಿ ಹೊರಟೇಬುಟ್ರು. ಅಡ್ಡಗೆರೆ ಕಂಡ್ರೆ ಕಾಲಿಗೆ ನಡಿಗೆ ನೆನಪಾಗುತ್ತೆ ಅಂತ ನೋಟ್‌ಬುಕ್ಕಲ್ಲಿ ಬರ್ಕೊಂಡು, ಮಗಳಿಗೆ, "ಬೀದಿ ಉದ್ದಕ್ಕೂ ಮೊಳಕ್ಕೊಂದು ಗೆರೆ ಎಳಿಯಮ್ಮ, ಅಭ್ಯಾಸ ಆಗ್ಲಿ" ಅಂದೆ.

ಮಾರನೇ ಬೆಳಗ್ಗೆ ಮಂಜು. ಬಿಳೀ ಗೆರೆಗಳ ಮೇಲೆ, ರೆಪ್ಪೆ ಬಡೀದ ಮನುಷ್ಯ ಸದ್ದಿಲ್ಲದೆ ತೇಲಿ ಬರ್ತಿರೋದು ಕಂಡು ಎದುರುಮನೆಯಾಕೆ ಮಾಟ ಅಂದ್ಕೊಂಡು, ಸಗಣಿನೀರು ಎರಚಿ ಮುಂದಿನ ಗೆರೆಗಳನ್ನೆಲ್ಲ ಅಳಿಸಿಬುಟ್ಲು. ಮೇಷ್ಟ್ರು ನಡುಬೀದೀಲೇ ನಿಂತ್ರು. ನಾನು ಓಡಿ ಹೋಗೋ ಹೊತ್ತಿಗೆ ಹಾಲಿನವನು ಕಂಬ ಅಂದ್ಕೊಂಡು ಅವರಿಗೆ ಹಸು ಕಟ್ಟಿದ್ದ. ಹಸು ಕಟ್ಟಿದ್ದಲ್ಲ, ಸೈಕಲ್ಲು ಒರಗಿಸಿದ್ದು ಅಂತಾಳೆ ನನ್ನ ಹೆಂಡ್ತಿ. ಮೇಷ್ಟ್ರನ್ನೇ ಕೇಳ್ದೆ.

"ಹಸುವೇ," ಅಂದ್ರು. "ಒದೀತು."

೩. ಧಾರೆ

ಛತ್ರದ ನೆಲಕ್ಕೆ ಹಿಂದಿನ ದಿನವೇ ಗೆರೆ ಎಳೆಸಿದ್ದೆ. ಮುಹೂರ್ತದ ಹೊತ್ತಿಗೆ ನೋಡಿದ್ರೆ ಛತ್ರದೋರು ಮೇಲೆ ಜಮಖಾನ ಹಾಸಿಬುಟ್ಟಿದಾರೆ. ಮಂಟಪ ಹತ್ತು ಹೆಜ್ಜೆ ಇದೆ ಅನ್ನೋವಾಗ ಮೇಷ್ಟ್ರು ಕಲ್ಲಾದ್ರು. ವಾಲಗ ನಿಂತ್ಹೋಯ್ತು. ಮದುಮಗಳು ತಲೆ ಎತ್ತಿ ಅಪ್ಪನ್ನೇ ನೋಡ್ತಿದ್ಲು. ಗಂಡಿನ ತಾಯಿ ಸೆರಗು ಸರಿಮಾಡ್ಕೊಂಡು ಎದ್ರು.

ನಾನು ಪಕ್ಕದೋರ ಹೆಗಲ ಮೇಲಿನ ಶಲ್ಯ ಕಿತ್ಕೊಂಡು ಅಡ್ಡ ಹಾಸ್ದೆ. ಇನ್ನೊಂದು, ಮತ್ತೊಂದು. ಮೇಷ್ಟ್ರು ಒಂದೊಂದೇ ದಾಟಿ ಹೋದ್ರು. ಈ ನಡುಕ ಸುಮ್ಮನಿರೋ ಕೈಗೇ ಜಾಸ್ತಿ, ಕೆಲಸ ಕೊಟ್ರೆ ಅಡಗುತ್ತೆ. ಒಂದು ಹನಿ ಆಚೆ ಬೀಳದಂಗೆ ಧಾರೆ ಎರೆದ್ರು.

"ಏನ್ರೀ ಅದು, ಬಟ್ಟೆ?" ಅಂದ್ರು ಗಂಡಿನ ತಾಯಿ.

"ನಡೆಮಡಿ, ಮರ್ಯಾದೆಗೆ ಕಾಲಡಿ ಹಾಸೋ ಬಟ್ಟೆ. ಹೆಣ್ಣಿನ ಕಡೆ ಹಿರೀರಿಗೆ ಮಾತ್ರ ಹಾಸೋದು," ಅಂದೆ ನಾನು.

ಆಯಮ್ಮ ತನ್ನ ಗಂಡನ್ನ ಮಂಟಪದಿಂದ ಕೆಳಗಿಳಿಸಿ, ಶಲ್ಯ ಹಾಸಿಸಿ, ಮತ್ತೆ ನಡೆಸ್ಕೊಂಡು ಬಂದ್ರು.

೪. ಫೋಟೋ

ಅವತ್ತು ಮೋಡ ಕವಿದು ಕರೆಂಟೂ ಹೋಗಿತ್ತು. ಫೋಟೋದವನು ಕ್ಯಾಮೆರಾ ಬಾಯಿ ತೆಗೆದು, "ಯಾರೂ ಅಲ್ಲಾಡಬೇಡಿ" ಅಂತ ಹತ್ತು ಎಣಿಸ್ದ. ಎಲ್ರೂ ಅಲ್ಲಾಡಿದ್ರು, ನಟ್ಟನಡುವೆ ನಿಂತಿದ್ದ ಗಂಡಿನ ತಾಯೀನೂ. ಫೋಟೋದಲ್ಲಿ ಎಲ್ರೂ ಹೊಗೆ, ಮುಖಕ್ಕೆ ಕಣ್ಣಿಲ್ಲ, ಮೈಗೆ ಕಾಲಿಲ್ಲ. ಮೇಷ್ಟ್ರ ಮುಖ ಒಂದೇ ಕೆತ್ತಿದಂಗೆ.

ಗಂಡಿನ ತಾಯಿಗೆ ಜೀವ ಹಾರಿಹೋಯ್ತು. ಸೊಸೆ ಜೊತೆ ಗಾಳೀನೂ ಬಂದಿದೆ, ತವರಿಗೆ ಕಳಿಸಿಬುಡ್ತೀನಿ ಅಂತ ಹಟ. ಮೊದಲು ಫೋಟೋ ತೋರಿಸಿ ಕೇಳೋಣ ಅಂತ ವಿದ್ಯಾರಣ್ಯಪುರಂ ಮಂತ್ರವಾದಿ ಹತ್ರ ಹೋದ್ರು, ಸೊಸೇನೂ ಕರ್ಕೊಂಡು. ಆತ ಫೋಟೋ ತಿರುಗಿಸಿ ತಿರುಗಿಸಿ ನೋಡಿ ನಿಟ್ಟುಸಿರು ಬಿಟ್ಟ.

"ಈ ಯಜಮಾನ್ರು ಪರವಾಗಿಲ್ಲ, ಗಟ್ಟಿಮುಟ್ಟಾಗಿದಾರೆ. ಮಿಕ್ಕೋರು ಯಾರೂ ಬದುಕಿಲ್ಲ. ಅದರಲ್ಲೂ ನಡುವೆ ನಿಂತಿದೆಯಲ್ಲ ದಪ್ಪ ಹೆಂಗಸು, ಅದು ಸೊಸೇನ ಹಿಡ್ಕೊಳ್ಳೋ ಜಾತಿ. ತಾಯಿ, ಈ ಹುಡುಗೀನ ಅದರ ಕೈಗೆ ಸಿಗದಂಗೆ ಕಾಪಾಡ್ಕೊಳ್ಳಿ."

ಆಯಮ್ಮ ದಾರಿ ಉದ್ದಕ್ಕೂ ಸೊಸೆ ಕೈ ಬಿಡಲಿಲ್ಲವಂತೆ.