ಟೈಲರನ ರಿಪೋರ್ಟು

ಫೋನು ಬಡಿದುಕೊಂಡಾಗ ಟೈಲರನ ಬಾಯಲ್ಲಿ ಆರು ಗುಂಡುಸೂಜಿಗಳಿದ್ದವು. ಬಾಯಿ ಖಾಲಿಯಿದ್ದಿದ್ದರೆ ಅವನ ಆ ದಿನ ನೆಟ್ಟಗಿರುತ್ತಿತ್ತು. ಆದರೆ ಅರ್ಧ ಹೊಲಿದ ಕೋಟು ತೊಟ್ಟು, ಬೆದರುಬೊಂಬೆಯ ಹಾಗೆ ಕೈ ಚಾಚಿ ನಿಂತಿದ್ದ ಪಕ್ಕದ ಮನೆಯ ಹೆಡ್‌ಮೇಷ್ಟ್ರು, ಊರವರ ಫೋನೆಲ್ಲ ತಮಗೇ ಬರುತ್ತದೆಂಬಂತೆ ಅದನ್ನು ಎತ್ತಿ ಕಿವಿಗಿಟ್ಟುಕೊಂಡರು.

"ಹೌದು, ಟೈಲರ್ ಮನೆಯೇ. ಏನಂದ್ರಿ? ಅಯ್ಯೋ! ಆಯ್ತು, ಆಯ್ತು."

ಫೋನಿಟ್ಟವರೇ ಕೋಟನ್ನು ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ಎಸೆದು, ಬಾಗಿಲವರೆಗೂ ಹಿಂದಕ್ಕೆ ಸರಿದರು.

"ಆಸ್ಪತ್ರೆಯಿಂದ ಕಣಯ್ಯಾ. ಟೈಲರ್ ರಕ್ತದ ರಿಪೋರ್ಟ್ ಬಂತಂತೆ. ಉಣುಗು ಕಚ್ಚಿ ಬರೋ ಜ್ವರ. ರಕ್ತದ ತುಂಬ ಬ್ಯಾಕ್ಟೀರಿಯಾ. ತಡಮಾಡಿದ್ರೆ ಉಳಿಯಲ್ಲ ಅಂದ. ಮಧ್ಯಾಹ್ನ ಬಂದು ಇಂಜೆಕ್ಷನ್ ಕೊಡ್ತಾನಂತೆ. ಅಲ್ಲೀವರೆಗೂ ಬೇರೆ ಕಟ್ಟಿಹಾಕಿ ಅಂದ ನೋಡು! ಈಗಿನ ಆಸ್ಪತ್ರೆಯವರಿಗೆ ರೋಗಿ ವಿಷಯ ಮಾತಾಡೋ ರೀತೀನೇ ಗೊತ್ತಿಲ್ಲ."

ಟೈಲರ್ ಸೂಜಿಗಳನ್ನು ಉಗಿದ. ಐದು ಸಿಕ್ಕವು. ಆರನೆಯದು ಎಲ್ಲಿ ಹೋಯಿತೆಂದು ಹೆದರುವುದಕ್ಕೂ ಅವನಿಗೆ ಪುರುಸೊತ್ತಿರಲಿಲ್ಲ. ಮೊನ್ನೆ ಸೊಂಟನೋವೆಂದು ಪೇಟೆ ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ಬಂದಿದ್ದ. ಹಾಗಾದರೆ ಅದು ಸೊಂಟನೋವಲ್ಲ!

"ಉಳಿಯಲ್ಲ ಅಂದ್ರಾ, ಮೇಷ್ಟ್ರೇ?"

"ತಡಮಾಡಿದ್ರೆ ಅಂದ. ನೀನು ಹತ್ರ ಬರ್ಬೇಡ. ಅಲ್ಲಿಂದಲೇ ಸಾ... ಅಲ್ಲಿಂದಲೇ ಮಾತಾಡು."

ಹತ್ತು ನಿಮಿಷದಲ್ಲಿ ಬೀದಿಗೆಲ್ಲ ಸುದ್ದಿ ಹರಡಿತು. ಎದುರಿನ ಬೇಕರಿಯವನು ಬಂದು ತನ್ನ ಎರಡು ಅಂಗಿಗಳನ್ನು ಕೋಲಿನಿಂದ ಎತ್ತಿಕೊಂಡು ಹೋದ. ಟೈಲರನ ಹೆಂಡತಿ ನಿನ್ನೆಯೇ ಅಕ್ಕನ ಮನೆಗೆ ಹೋಗಿದ್ದಳು. ಎಷ್ಟು ಸಲ ಫೋನು ಮಾಡಿದರೂ ಎತ್ತಲಿಲ್ಲ.

"ಅಂಗಡಿಗೆ ನಾಲ್ಕು ಜನ ಬರ್ತಾರೆ, ನೀನು ಹಿತ್ತಲ ಕೊಟ್ಟಿಗೇಲಿರು," ಎಂದರು ಹೆಡ್‌ಮೇಷ್ಟ್ರು.

"ಅಲ್ಲಿ ಕೆಂಪಿ ಇದೆಯಲ್ಲ ಮೇಷ್ಟ್ರೇ?"

"ಮೂಕಪ್ರಾಣಿ, ಪಾಪ, ನಿನ್ನ ರೋಗ ಅದಕ್ಯಾಕೆ? ನನ್ನ ಕೊಟ್ಟಿಗೇಲಿ ಕಟ್ಟಿರ್ತೀನಿ. ನಮ್ಮ ನಾಲ್ಕು ಹಸುಗಳ ಜೊತೆ ಐದನೇದಾಗಿ ಇರಲಿ."

ಕೆಂಪಿ ತಲೆ ತಗ್ಗಿಸಿ ಕಾಲೆಳೆಯುತ್ತಾ ಅವರ ಹಿಂದೆ ಹೋಯಿತು. "ನೋಡಿ, ಯಜಮಾನನ ಸಂಕಟ ಹೇಗೆ ಗೊತ್ತಾಗ್ಬಿಟ್ಟಿದೆ!" ಎಂದು ಬೇಕರಿಯವನು ಕಣ್ಣೊರೆಸಿಕೊಂಡ. ಟೈಲರ್ ಕೊಟ್ಟಿಗೆ ಹೊಕ್ಕ ಕೂಡಲೇ ಹೊರಗಿನಿಂದ ಚಿಲಕ ಬಿತ್ತು.

ಟೈಲರ್ ಗೋಡೆಗೊರಗಿ ಕೂತ. ನಾಡಿ ಹಿಡಿದು ನೋಡಿಕೊಂಡರೆ ಹೊಲಿಗೆ ಮಿಷನ್ನಿನಂತೆ ಓಡುತ್ತಿತ್ತು. ಗಂಟೆಗಳು ಹೋದವು. ಹಣೆ ಮುಟ್ಟಿದರೆ ಬಿಸಿ. ಕೈಯೇ ಬಿಸಿಯಿದೆಯೋ ಎಂದು ಕೈ ಮುಟ್ಟಿದರೆ ಅದೂ ಬಿಸಿ. ಹೆಂಡತಿಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿದ. ಎಲ್ಲವೂ ಕ್ಷಮೆ ಕೇಳುವವೇ ಆಗಿದ್ದವು. ಕತ್ತಿನ ಹಿಂದೆ ಏನೋ ಚುಚ್ಚಿತು. ಆರನೇ ಸೂಜಿ ಕಾಲರಿನಲ್ಲಿದೆ! ಸದ್ಯ, ನುಂಗಿಲ್ಲ.

ಮಧ್ಯಾಹ್ನ ಹೊರಗೆ ಮೋಟಾರ್‌ಬೈಕು ನಿಂತಿತು.

"ಎಲ್ರೀ ಟೈಲರು? ಎದ್ದು ನಿಂತಿದೆಯಾ, ಮಲಗಿಬಿಟ್ಟಿದೆಯಾ?" ಎಂದು ಅಪರಿಚಿತ ದನಿಯೊಂದು ಕೇಳಿತು. "ಇಬ್ರು ಬನ್ನಿ. ಒಬ್ರು ಮೂಗು ಒತ್ತಿ ಹಿಡೀರಿ, ಇನ್ನೊಬ್ರು ಬಾಲ ಎತ್ತಿ. ಒದ್ದರೆ ನನ್ನ ಹಲ್ಲು ಉದುರತ್ತೆ."

ಟೈಲರ್ ಮೂಲೆಗೆ ಒತ್ತಿಕೊಂಡ. ಬಾಗಿಲು ತೆರೆಯಿತು. ಸೌತೆಕಾಯಿ ಗಾತ್ರದ ಸಿರಿಂಜು ಮೊದಲು ಬಂತು, ಅದರ ಹಿಂದೆ ದನದ ಆಸ್ಪತ್ರೆಯ ಕಾಂಪೌಂಡರ್.

"ನೀವ್ಯಾರ್ರೀ? ಹಸು ಎಲ್ಲಿ?"

"ನಾನೇ ಟೈಲರ್ರು," ಎಂದ ಟೈಲರ್, ಎರಡೂ ಕೈಗಳಿಂದ ಹಿಂಭಾಗ ಮುಚ್ಚಿಕೊಂಡು.

ಕಾಂಪೌಂಡರ್ ಹಣೆ ಚಚ್ಚಿಕೊಂಡ. "ರಿಪೋರ್ಟ್ ನಿಮ್ಮದಲ್ಲ ಮಾರಾಯ್ರೇ! ನಿನ್ನೆ ನಿಮ್ಮ ಮನೆಯವರು ಹಸು ಹೊಡ್ಕೊಂಡು ಬಂದು ಅದರ ರಕ್ತ ಕೊಟ್ಟು, ಅದನ್ನ ಮನೆ ಕಡೆ ಅಟ್ಟಿ, ಹಂಗೇ ಬಸ್ ಹತ್ತಿದ್ರು. ನಮ್ಮ ರಿಜಿಸ್ಟರಲ್ಲಿ ದನಗಳಿಗೆ ಹೆಸರಿಲ್ಲ, ಮಾಲೀಕರದ್ದೇ ಬರ್ಕೊಳೋದು. ಮೊನ್ನೆ ಪೋಸ್ಟ್‌ಮಾಸ್ಟರು ಅವಳಿ ಕರು ಹಾಕಿದ್ರು, ಗೊತ್ತಿಲ್ವಾ?"

ಟೈಲರ್ ನಕ್ಕ. ನಗುತ್ತಲೇ ಅತ್ತ. ನಗದೇ ಇದ್ದವರು ಬಾಗಿಲಲ್ಲಿ ನಿಂತಿದ್ದ ಹೆಡ್‌ಮೇಷ್ಟ್ರೊಬ್ಬರೇ.

"ಹಾಗಾದ್ರೆ ನನ್ನ ನಾಲ್ಕು ಹಸುಗಳ ಮಧ್ಯೆ..." ಎಂದವರು ಮನೆ ಕಡೆಗೆ ಓಡಿದರು. ಓಡುತ್ತಲೇ ತಿರುಗಿ, "ಲೋ ಟೈಲರ್, ಒಂದಕ್ಕೆ ಏನಾದ್ರೂ ಆಗ್ಲಿ, ನಿನಗಿದೆ!" ಎಂದು ಕೂಗಿದರು.

"ಇದು ಜೊತೇಲಿದ್ರೆ ಅಂಟೋದಲ್ಲ," ಎಂದ ಕಾಂಪೌಂಡರ್. "ಉಣುಗು ಕಚ್ಬೇಕು. ಕೆಲವು ಬ್ಯಾಕ್ಟೀರಿಯಾ ಮನುಷ್ಯರನ್ನೂ ಬಿಡಲ್ಲ. ಇಂಥ ಕೊಟ್ಟಿಗೆ ಗೋಡೆ ಬಿರುಕಲ್ಲೇ ಉಣುಗು ಕಾದಿರೋದು. ಅಂದಹಾಗೆ, ನೀವಿಲ್ಲಿ ಎಷ್ಟೊತ್ತಿಂದ ಇದ್ದೀರಿ?"

"ಬೆಳಗ್ಗೆಯಿಂದ."

ಟೈಲರನ ಕೈ ಮೆಲ್ಲಗೆ ಕತ್ತಿನ ಹಿಂದಕ್ಕೆ ಹೋಯಿತು. ಬೆರಳಿಗೆ ತಗುಲಿದ್ದು ಸೂಜಿಯಲ್ಲ. ಹೆಸರುಕಾಳಿನಷ್ಟಿತ್ತು. ಕಾಲುಗಳಿದ್ದವು.

ಕಾಂಪೌಂಡರ್ ಅದನ್ನು ಚಿಮಟದಲ್ಲಿ ಹುಷಾರಾಗಿ ಕಿತ್ತು ಸೀಸೆಗೆ ಹಾಕಿ, ಚೀಟಿ ಅಂಟಿಸಿ, ಪೆನ್ನು ತೆಗೆದ. "ಇದನ್ನ ಲ್ಯಾಬಿಗೆ ಕಳಿಸ್ತೀನಿ. ಆದ್ರೆ ಟೈಲರ್ ಅಂತ ಬರೆದ್ರೆ ಹಸೂದು ಅಂದ್ಕೋತಾರೆ. ಆ ಹೆಸರಲ್ಲಿ ಹಸು ಆಗ್ಲೇ ಇದೆ. ನಿಮ್ಮ ಹಸು ಹೆಸರೇನಂದ್ರಿ?"

"ಕೆಂಪಿ."

ಕಾಂಪೌಂಡರ್ ಬರೆದುಕೊಂಡ, ಮೇಷ್ಟ್ರ ಕೊಟ್ಟಿಗೆಗೆ ಹೋಗಿ ನಿಜವಾದ ಕೆಂಪಿಗೆ ಇಂಜೆಕ್ಷನ್ ಕೊಟ್ಟು ಬಂದ.

"ಎರಡು ವಾರ ಮೈಮೇಲೆ ನಿಗಾ ಇರಲಿ. ಜ್ವರ ಬಂದ್ರೆ ತಕ್ಷಣ ಫೋನ್ ಮಾಡಿ," ಎಂದು ಬೈಕು ಹತ್ತಿದ. "ಕೆಂಪಿ ಮಾತಾಡ್ತಾ ಇದೀನಿ ಅನ್ನಿ, ಗೊತ್ತಾಗತ್ತೆ."