ಬೆಂಕಿಗೆ ಬಗ್ಗದ ಗೋಡೆ

ಅನಂತರಾಮು ಬೀದಿಯ ಒಲೆಗಳ ಬೂದಿಯನ್ನೆಲ್ಲ ಬಾಚಿಕೊಳ್ಳುವ ಮೊದಲು ಮನೆಮನೆಯ ಗಂಡಸರನ್ನು ಕೇಳಿದ್ದ. ಹೆಂಗಸರನ್ನು ಕೇಳಿರಲಿಲ್ಲ. ಅವನ ಕಷ್ಟವೆಲ್ಲ ಶುರುವಾದದ್ದು ಅಲ್ಲಿಂದ.

ಅದಕ್ಕೂ ಎರಡು ತಿಂಗಳ ಹಿಂದೆ ಅವನ ಅಡಿಗೆಮನೆ ಸುಟ್ಟುಹೋಗಿತ್ತು. ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಹಿತ್ತಲಲ್ಲಿ ಬಿದಿರು ತಟ್ಟಿ ನಿಲ್ಲಿಸಿ, ಮೇಲೆ ತೆಂಗಿನ ಗರಿ ಹೊದಿಸಿದ್ದೇ ಅಡಿಗೆಮನೆ. ಹೆಂಡತಿ ಚೂಡಾಮಣಿ ಸಾರಿಗೆ ಒಗ್ಗರಣೆ ಹಾಕುವಾಗ ಕಾದ ಎಣ್ಣೆ ಹೊತ್ತಿಕೊಂಡು ತಟ್ಟಿಗೆ ಹಬ್ಬಿತು. ಉರಿ ಎಷ್ಟು ಎತ್ತರ ಎದ್ದಿತೆಂದರೆ ಕೋಣನಕುಂಟೆಯ ಕೋಳಿಗಳು ಬೆಳಗಾಯಿತೆಂದು ಕೂಗಿದವು. ನಾನು ಒಂದಕ್ಕೆ ಎರಡು ಸೇರಿಸಿ ಹೇಳುವವನಲ್ಲ. ಅನುಮಾನವಿದ್ದವರು ಆ ಕೋಳಿಗಳನ್ನೇ ಕೇಳಬಹುದು.

ಅಂದಿನಿಂದ ಚೂಡಾಮಣಿ ಬಚ್ಚಲಲ್ಲಿ, ನೀರಿನ ಹಂಡೆಯ ಪಕ್ಕದಲ್ಲಿ ಅಡಿಗೆ ಮಾಡುತ್ತಿದ್ದಳು. ಸಾರಿಗೆ ಸೀಗೆಕಾಯಿಯ ವಾಸನೆ, ಸ್ನಾನದ ನೀರಿಗೆ ಇಂಗಿನ ವಾಸನೆ.

ಅನಂತರಾಮು ಬಟ್ಟೆ ಗಿರಣಿಯೊಂದರಲ್ಲಿ ಗುಮಾಸ್ತೆ. ಗಿರಣಿಯ ಹಿಂದೆ ಬಾಯ್ಲರಿನ ಕಲ್ಲಿದ್ದಲ ಬೂದಿ ನಂದಿಬೆಟ್ಟಕ್ಕೆ ಸವಾಲು ಹಾಕುವಂತೆ ಬಿದ್ದಿತ್ತು. ಅದನ್ನು ನೋಡುತ್ತ ಡಬ್ಬಿಯ ಅನ್ನ ತಿನ್ನುವಾಗ ಅವನಿಗೆ ಹೊಳೆಯಿತು: ಒಂದು ಸಲ ಪೂರ್ತಿ ಸುಟ್ಟು ಮುಗಿದದ್ದು ಇನ್ನೊಂದು ಸಲ ಹೇಗೆ ಸುಟ್ಟೀತು? ವೆಲ್ಡಿಂಗ್ ಅಂಗಡಿಯವರು ಗ್ಯಾಸು ತೆಗೆದ ಮೇಲೆ ಚರಂಡಿಗೆ ಸುರಿಯುವ ಕಾರ್ಬೈಡ್ ಸುಣ್ಣವನ್ನು ಡಬ್ಬಗಳಲ್ಲಿ ತುಂಬಿಸಿ ತಂದ. ಎರಡನ್ನೂ ಕಲಸಿ, ಮರದ ಅಚ್ಚಿಗೆ ಮೆಟ್ಟಿ, ಒದ್ದೆ ಗೋಣಿಯಡಿ ಮಲಗಿಸಿದ. ಇಟ್ಟಿಗೆ ಗಟ್ಟಿಯಾಯಿತು. ಗಿರಣಿಯವರು ಒಂದು ಗಾಡಿಗಿಂತ ಹೆಚ್ಚು ಬೂದಿ ಕೊಡಲಿಲ್ಲ; ಅದು ಅರ್ಧಕ್ಕೇ ಮುಗಿದಾಗ ಮಾತ್ರ ಬೀದಿಯ ಒಲೆಗಳಿಗೆ ಕೈಹಾಕಿದ. "ಬೂದಿ ತಾನೆ, ತಗೊಂಡೋಗಿ ಸ್ವಾಮಿ," ಎಂದು ಪಕ್ಕದ ಮನೆಯ ಚಿಕ್ಕಬೈರಪ್ಪನೂ ಹೇಳಿದ್ದ.

ಹೀಗೆ ಹುಟ್ಟಿದ ಹೊಸ ಅಡಿಗೆಮನೆಯ ಗೋಡೆ ಈಗ ಅವನ ಹಿತ್ತಲಿಗೂ ಚಿಕ್ಕಬೈರಪ್ಪನ ಹುಲ್ಲಿನ ಬಣವೆಗೂ ನಡುವೆ ಆಳೆತ್ತರ ನಿಂತಿತ್ತು. ಗೂಡಿನಲ್ಲಿ ಸುಡದ ಇಟ್ಟಿಗೆಯ ಗೋಡೆಗೆ ಛಾವಣಿ ಕೂಡಿಸಲು ಅಪ್ಪಣೆಯಿಲ್ಲ ಎಂದು ಕಟ್ಟಡದ ಇನ್‌ಸ್ಪೆಕ್ಟರ್ ವೆಂಕಟಾಚಲ ಹೇಳಿದ್ದರು. ಕಡೆಗೆ, "ಭಾನುವಾರ ಸಾಯಂಕಾಲ ಬರ್ತೀನಿ. ನನ್ನೆದುರಿಗೆ ಬೆಂಕಿ ಹಾಕಿ. ನಿಂತರೆ ಅಪ್ಪಣೆ, ಬಿರಿದರೆ ಹಾರೆ," ಎಂದು ಒಪ್ಪಿದರು.

ಆ ಭಾನುವಾರ ಬೆಳಿಗ್ಗೆ ಚೂಡಾಮಣಿ ಕಣ್ಣೊರೆಸಿಕೊಳ್ಳುತ್ತ ಬಚ್ಚಲಿಂದ ಹೊರಬಂದು ಹೇಳಿದಳು: "ರೀ, ಇವತ್ತು ನನಗೆ ಅಡಿಗೆಮನೆ ಸಿಗಬೇಕು. ಇಲ್ದಿದ್ರೆ ಬಸವನಗುಡೀಗೆ, ಅಮ್ಮನ ಮನೆಗೆ ಹೋಗ್ತೀನಿ. ನೀವುಂಟು, ನಿಮ್ಮ ಹಂಡೆ ಉಂಟು."

"ಆ ಗೋಡೆ ಪ್ರಳಯಕ್ಕೂ ಜಗ್ಗಲ್ಲ ಕಣೇ," ಎನ್ನುತ್ತ ಹಿತ್ತಲಿಗೆ ನಡೆದ ಅನಂತರಾಮು ಅಲ್ಲೇ ನಿಂತ. ಗೋಡೆಯ ಮೂಲೆ ಯಾರೋ ಕಚ್ಚಿ ಬಿಟ್ಟ ದೋಸೆಯಂತಾಗಿತ್ತು.

ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್ ಗಂಗಾಧರಯ್ಯ ಕಾಫಿ ಲೋಟದ ಸಮೇತ ಬಂದರು. ಯಾರ ಮನೆಯ ಕಷ್ಟವನ್ನೂ ಅವರು ಬರಿಗೈಯಲ್ಲಿ ನೋಡಿದವರಲ್ಲ.

"ಇದು ಹೆಗ್ಗಣದ ಕೆಲಸ ಕಣಪ್ಪ."

"ಹೆಗ್ಗಣ ಬೂದಿ ತಿನ್ನುತ್ತಾ ಸಾರ್?"

"ನಮ್ಮ ಆಫೀಸಲ್ಲಿ ಒಂದು ಹೆಗ್ಗಣ ಅರಗಿನ ಮುದ್ರೆ ತಿಂದು ಬದುಕಿತ್ತು. ಇದ್ಯಾವ ಲೆಕ್ಕ?" ಎಂದು ಗಂಗಾಧರಯ್ಯ ಹಿತ್ತಾಳೆಯ ಲೋಟವನ್ನು ಮುಖದೆದುರು ಹಿಡಿದು, ಅದರಲ್ಲಿ ಕಂಡ ತಮ್ಮ ಮೀಸೆಯನ್ನು ತಿದ್ದಿಕೊಂಡರು. ಲೋಟ ಹಾಗೆ ಹೊಳೆಯುತ್ತಿತ್ತು.

ಅನಂತರಾಮು ಮಿಕ್ಕ ಇಟ್ಟಿಗೆಗಳಿಂದ ಮೂಲೆ ಮುಚ್ಚಿದ. ಕೊಬ್ಬರಿ ಚೂರು ಸಿಕ್ಕಿಸಿ ಬೋನು ಇಟ್ಟ. ಸ್ನಾನ ಮಾಡಿ ಬರುವಷ್ಟರಲ್ಲಿ ಇನ್ನೊಂದು ಮೂಲೆ ಸವೆದಿತ್ತು. ಬೋನಿಗೆ ಸಿಕ್ಕಿದ್ದು, ಅದನ್ನು ನೋಡಲು ಬಗ್ಗಿದ ಅವನದೇ ಕಾಲಿನ ಹೆಬ್ಬೆರಳು. ಆ ಕೂಗಿಗೆ ಬನಶಂಕರಿ ಗುಡಿಯ ಗಂಟೆ ತಾನಾಗಿಯೇ ಎರಡು ಸಲ ಬಾರಿಸಿಕೊಂಡಿತು.

ಕುಂಟುತ್ತ ನಿಂತವನಿಗೆ ಚಿಕ್ಕಬೈರಪ್ಪನ ಹಸು ಕಂಡಿತು. ಮೆಲುಕು ಹಾಕುತ್ತಿತ್ತು. ಸುಣ್ಣದ ರುಚಿಗೆ ಇದೇ ನೆಕ್ಕಿರಬೇಕೆಂದು ಅನಂತರಾಮು ಬೇಲಿ ದಾಟಿ ಅದರ ದವಡೆ ಬಿಡಿಸಿ ಒಳಗೆ ಇಣುಕಿದ. ಬೂದಿ ಕಾಣಲಿಲ್ಲ, ಹಸು ಅವನ ಹೆಗಲ ಮೇಲಿನ ಟವೆಲ್ಲನ್ನು ನಿಧಾನವಾಗಿ ಒಳಗೆಳೆದುಕೊಂಡಿತು.

ಚಿಕ್ಕಬೈರಪ್ಪನ ಹೆಂಡತಿ ಮುನಿಲಕ್ಷ್ಮಮ್ಮ ಥಳಥಳ ಹೊಳೆಯುವ ಕೊಡ ಸೊಂಟಕ್ಕಿಟ್ಟುಕೊಂಡು ಬಂದಳು. "ಏನ್ ಅಯ್ನೋರೆ, ನಮ್ಮ ಹಸೀನ ಬಾಯಿಗೆ ಕೈ ಹಾಕ್ತೀರಲ್ಲ, ಅದೇನ್ ನಿಮ್ಮನೆ ಸಾಸಿವೆ ಡಬ್ಬನಾ?"

"ನನ್ನ ಗೋಡೆ ಕಾಣೆಯಾಗ್ತಿದೆಯಮ್ಮ."

"ಗ್ವಾಡೆ ಎಲ್ಲಿಗೋಯ್ತದೆ? ಕಾಲೈತಾ ಅದಕ್ಕೆ?" ಎಂದು ಮುನಿಲಕ್ಷ್ಮಮ್ಮ ಸೆರಗು ಬಾಯಿಗಿಟ್ಟುಕೊಂಡು ಹೋದಳು.

ಮಧ್ಯಾಹ್ನ ಗಂಗಾಧರಯ್ಯನವರು ಕೊಡೆ ಹಿಡಿದು ಗೋಡೆಯ ಮುಂದೆ ಕಾವಲು ಕೂತರು. ಗೋಡೆಗೆ ಹಿಂದುಗಡೆಯೂ ಒಂದಿದೆಯೆಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಸಾಯಂಕಾಲ ವೆಂಕಟಾಚಲ ದಪ್ಪ ಚರ್ಮದ ಬ್ಯಾಗು ಹಿಡಿದು ಬಂದರು. ಸುದ್ದಗುಂಟೆಪಾಳ್ಯದಿಂದಲೂ ಜನ ಬಂದು ಕಾಂಪೌಂಡಿನ ಮೇಲೆ ಸಾಲಾಗಿ ಕೂತಿದ್ದರು. ಸೌದೆ, ತೆಂಗಿನ ಚಿಪ್ಪು, ಒಂದು ಹಳೆಯ ಕುರ್ಚಿ ಎಲ್ಲವನ್ನೂ ಗೋಡೆಗೆ ಒರಗಿಸಿ ಕಡ್ಡಿ ಗೀರಿದ್ದಾಯಿತು. ಉರಿ ಗೋಡೆಗಿಂತ ಮೇಲೆದ್ದಿತು. ಆಕಾಶದಲ್ಲಿ ಹೋಗುತ್ತಿದ್ದ ಹದ್ದು ರೆಕ್ಕೆ ಮಡಚಿಕೊಂಡು ಬೇರೆ ದಾರಿ ಹಿಡಿಯಿತು. ಬಣವೆಯ ಕಡೆ ನಿಂತಿದ್ದ ಚಿಕ್ಕಬೈರಪ್ಪ ಬಿಂದಿಗೆ ಎತ್ತಿಕೊಂಡೇ ಇದ್ದ.

ಸೌದೆ ಉರಿದು ಕೆಂಡವಾಯಿತು. ಗೋಡೆ ನಿಂತಿತ್ತು. ವೆಂಕಟಾಚಲ ಹಿಂದುಗಡೆಗೆ ಹೋಗಿ ಅಂಗೈ ಒತ್ತಿ ನೋಡಿದರು.

"ಪರವಾಗಿಲ್ಲ ರೀ. ಉಗುರುಬೆಚ್ಚಗೂ ಇಲ್ಲ. ಬೂದಿಯಿಂದಲೇ ಮಾಡಿದ್ರಾ?"

"ಬರೀ ಬೂದಿ, ಚರಂಡಿ ಸುಣ್ಣ, ಸಾರ್."

ಅವರು ಅಪ್ಪಣೆಗೆ ಸಹಿ ಹಾಕಿದರು. ಒಳಗೆ ಚೂಡಾಮಣಿ ಕೊಟ್ಟ ಕಾಫಿಯ ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿ ಮೆಲ್ಲಗೆ ಏನೋ ಕೇಳಿದರು. ಅವಳೂ ಮೆಲ್ಲಗೆ ಏನೋ ಹೇಳಿ ಹಿತ್ತಲಿನ ಕಡೆ ಕೈ ತೋರಿಸಿದಳು. ಅನಂತರಾಮುವಿಗೆ ಅದೆಲ್ಲ ಎಲ್ಲಿ ಕಾಣಬೇಕು, ಅವನು ನೆಲದಿಂದ ಗೇಣೆತ್ತರ ಮೇಲೆ ನಡೆಯುತ್ತಿದ್ದ. ಸಾಹೇಬರ ಬ್ಯಾಗನ್ನು ತಾನೇ ಹೊತ್ತು ಬಸ್ ಸ್ಟಾಪಿಗೆ ಹೊರಟ. ಅದರ ಭಾರಕ್ಕೆ ಅವನ ಹೆಗಲು ಮೊಣಕಾಲಿಗೆ ಬಂದಿತು. ಸರ್ಕಾರದ ಕಾನೂನು ಇಷ್ಟು ತೂಕವಿರುತ್ತದೆಂದು ಅವನಿಗೆ ತಿಳಿದಿರಲಿಲ್ಲ.

ಬಸ್ಸು ಕಂಡಾಗ ವೆಂಕಟಾಚಲ ಬ್ಯಾಗನ್ನು ಜೋಪಾನವಾಗಿ ಇಸಿದುಕೊಂಡರು. "ನಿಮಗೊಂದು ವಿಷಯ ಗೊತ್ತಾ ಅನಂತರಾಮು? ಬೆಂಕಿ ಬಿದ್ದ ಮೇಲೆ ಇದು ಕೈಯಲ್ಲೇ ಪುಡಿಯಾಗುತ್ತೆ. ಹಿತ್ತಾಳೆ ಉಜ್ಜೋಕೆ ಇನ್ನೂ ಒಳ್ಳೇದಂತೆ, ನಿಮ್ಮ ಬೀದಿ ಹೆಂಗಸರು ಹೇಳಿದ್ರು. 'ನಾವೆಲ್ಲ ತಗೋತಾ ಇದೀವಿ, ನೀವೂ ಮನೇಗೆ ಎರಡು ತಗೊಂಡೋಗಿ' ಅಂದ್ರು."

ಬ್ಯಾಗಿನ ಬಾಯಿಂದ ಬೂದುಬಣ್ಣದ ಇಟ್ಟಿಗೆಯೊಂದು ಇಣುಕುತ್ತಿತ್ತು.

ಅನಂತರಾಮು ಓಡಿದ ವೇಗಕ್ಕೆ ಹೆಬ್ಬೆರಳಿನ ನೋವು ಬಸ್ ಸ್ಟಾಪಿನಲ್ಲೇ ಉಳಿಯಿತು. ಬೀದಿಯ ಉದ್ದಕ್ಕೂ ಪ್ರತಿ ಹಿತ್ತಲಿನಿಂದ ಪಾತ್ರೆ ತಿಕ್ಕುವ ಸದ್ದು ಬರುತ್ತಿತ್ತು. ಅವನ ಹಿತ್ತಲಲ್ಲಿ ಬಣವೆ ನೇರವಾಗಿ ಕಾಣುತ್ತಿತ್ತು. ನಡುವೆ ಏನೂ ಇರಲಿಲ್ಲ. ಮುನಿಲಕ್ಷ್ಮಮ್ಮ ಕಡೆಯ ಕುಕ್ಕೆಯನ್ನು ತಲೆಗೇರಿಸಿಕೊಳ್ಳುತ್ತಿದ್ದಳು.

"ಇದೇನಮ್ಮ ಮಾಡಿದ್ರಿ?"

"ನಮ್ಮೊಲೆ ಬೂದಿ ನಾವ್ ತಗೊಂಡ್ವಿ. ನಮ್ಮ ಯಜಮಾನ ಯಾರನ್ನ ಕೇಳಿ ಕೊಟ್ಟಿದ್ದು? ಪಾತ್ರೆ ಬೆಳಗೋಕೆ ಒಂದು ಹಿಡಿ ಇರಲಿಲ್ಲ ಬೀದೀಲಿ."

"ಅದರಲ್ಲಿ ಗಿರಣಿ ಬೂದಿಯೂ ಇತ್ತಲ್ಲ."

"ಬ್ಯಾರೆ ಮಾಡಕ್ ಬರಲಿಲ್ಲ ಅಯ್ನೋರೆ. ಅದಕ್ಕೇ ಎಲ್ಲಾ ತಗೊಂಡ್ವಿ." ಎರಡು ಹೆಜ್ಜೆ ಹೋಗಿ ತಿರುಗಿದಳು. "ಇನ್ನೊಂದ್ ಗ್ವಾಡೆ ಯಾವಾಗ ಕಟ್ತೀರಿ?"

ಬಾಗಿಲಲ್ಲಿ ಚೂಡಾಮಣಿ ಸೀರೆ ಬದಲಾಯಿಸಿ, ಚೀಲದೊಂದಿಗೆ ನಿಂತಿದ್ದಳು.

"ಅಪ್ಪಣೆ ಸಿಕ್ತಾ?"

ಅವನು ಜೇಬಿನಿಂದ ಕಾಗದ ತೆಗೆದು ತೋರಿಸಿದ.

"ಗೋಡೆ?"

ಅವನು ಬಣವೆಯ ಕಡೆ ನೋಡಿದ.

"ಹಾಗಾದ್ರೆ ಬರ್ತೀನಿ. ಬಚ್ಚಲಲ್ಲಿ ಅಕ್ಕಿ ತೊಳೆದಿಟ್ಟಿದೀನಿ. ಗೋಡೆ ಎದ್ದ ಮೇಲೆ ಹೇಳಿ ಕಳಿಸಿ."

ವಾದ ಮಾಡಲು ಬಾಯಿ ತೆರೆದ ಅನಂತರಾಮು ಅಭ್ಯಾಸಬಲದಿಂದ ಅವಳ ಚೀಲಕ್ಕೆ ಕೈ ಚಾಚಿದ. ಅವನ ಹೆಗಲು ಮತ್ತೆ ಮೊಣಕಾಲಿಗೆ ಬಂದಿತು. ಆ ತೂಕ ಈಗ ಅವನಿಗೆ ಚೆನ್ನಾಗಿ ಪರಿಚಯವಿತ್ತು.

"ಚೂಡಾ, ನೀನೂನಾ?"

"ಒಂದೇ ಒಂದು ರೀ," ಎಂದಳು ಅವಳು. "ಅಮ್ಮನ ಮನೇಲೂ ಹಿತ್ತಾಳೆ ಪಾತ್ರೆ ಬಹಳ ಇದೆ."